ಹಗೇವು ಮುಚ್ಚಿದ ಮೇಲೆ

ಆಗಸ್ಟ್ ಕೊನೆಯಲ್ಲಿ ಉಪ್ಪಿನಬೆಟಗೇರಿಗೆ ಬಂದವರು ಬಸ್ಸಿನಿಂದ ಇಳಿಯುವಾಗ ಕಾಲು ನೋಡಿ ಇಡಬೇಕು. ಅರ್ಧ ರಸ್ತೆಗೆ ಹೆಸರುಕಾಳು ಹರವಿರುತ್ತದೆ. ಧಾರವಾಡದಿಂದ ಬರುವ ದಾರಿಯುದ್ದಕ್ಕೂ ಎರಿಹೊಲ; ಮಳೆಯೇ ದಿಕ್ಕು.

ಕಟ್ಟೆಯ ಮೇಲೆ ಕುಳಿತ ಹಿರಿಯರೊಬ್ಬರನ್ನು ಹಗೇವು ಎಲ್ಲಿವೆ ಎಂದು ಕೇಳಿದೆ. ಓಣಿಯ ಕಾಂಕ್ರೀಟಿಗೆ ಕೋಲು ಕುಟ್ಟಿ, "ಇದರ ಬುಡಕ ಅದಾವ್ರಿ" ಎಂದರು. ಜೋಳ ತುಂಬಿ ಬಾಯಿ ಮುಚ್ಚಿದರೆ ವರ್ಷಗಟ್ಟಲೆ ಕಾಯುತ್ತಿದ್ದ ನೆಲದೊಳಗಿನ ಕಣಜ ಅದು. ಹೊಲದಲ್ಲೂ ಜೋಳದ ನಡುವೆ ತೊಗರಿಯ ಅಕ್ಕಡಿ. ಒಂದು ಹೋದರೆ ಇನ್ನೊಂದು ಕೈಹಿಡಿಯುತ್ತಿತ್ತು. ಹಗೇವು ಎಲ್ಲರ ಮನೆಗೂ ಇರಲಿಲ್ಲ ಎಂಬುದನ್ನೂ ಹೇಳಬೇಕು. ಇಲ್ಲದವರು ಇದ್ದವರ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದರು.

ಈ ಸೀಮೆಯ ಲೆಕ್ಕ ತಪ್ಪಿಸಿದ್ದು ಹತ್ತಿ. 1972ರಲ್ಲಿ ಧಾರವಾಡದ ವಿಜ್ಞಾನಿಗಳು ವರಲಕ್ಷ್ಮಿ ಹೈಬ್ರಿಡ್ ತಂದರು. ಉದ್ದ ಎಳೆ, ಒಳ್ಳೆಯ ದರ. 2002ರಲ್ಲಿ ಬಿಟಿ ಹತ್ತಿಗೆ ಅನುಮತಿ ಸಿಕ್ಕಿತು. ಹೈಬ್ರಿಡ್ ಬೀಜ ಮನೆಯಲ್ಲಿ ಎತ್ತಿಟ್ಟರೆ ನಡೆಯದು, ವರ್ಷವೂ ಅಂಗಡಿಗೆ ಹೋಗಬೇಕು. ಮೊದಲು ಮಳೆ ಕೈಕೊಟ್ಟರೆ ಬೆಳೆ ಹೋಗುತ್ತಿತ್ತು. ಈಗ ಬೆಳೆ ಹೋದ ಮೇಲೂ ಬೀಜ, ಗೊಬ್ಬರ, ಹುಳಕ್ಕೆ ಹೊಡೆಯುವ ಎಣ್ಣಿಯ ಸಾಲ ಹೊಲದಲ್ಲೇ ನಿಂತಿರುತ್ತದೆ.

ಹೆಸರು, ಸೋಯಾಬೀನ್ ಬೇಗ ರೊಕ್ಕ ಮಾಡಿಕೊಡುತ್ತವೆ, ನಿಜ. ಆದರೆ ಕಾಯಿ ಒಣಗಿದ ಹೊತ್ತಿಗೆ ನಾಲ್ಕು ದಿನ ಜಿಟಿಜಿಟಿ ಹಿಡಿದರೆ ಹೆಸರು ಗಿಡದಲ್ಲೇ ಮೊಳೆಯುತ್ತದೆ.

2016ರಿಂದ ಫಸಲ್ ಬಿಮಾ ಎಂಬ ಬೆಳೆ ವಿಮೆ ಇದೆ. ಮುಂಗಾರಿ ಕಾಳಿಗೆ ರೈತನ ಪಾಲು ವಿಮಾ ಮೊತ್ತದ ಶೇ 2, ಹತ್ತಿಗೆ ಶೇ 5. ಇಳುವರಿ ನಷ್ಟವನ್ನು ಅಳೆಯುವುದು ಮಾತ್ರ ಪಂಚಾಯಿತಿಯ ಸರಾಸರಿಯಲ್ಲಿ. ನಿಮ್ಮ ಹೊಲ ಬರಿದಾಗಿ ಊರು ಬೆಳೆದಿದ್ದರೆ ಆ ಲೆಕ್ಕದಲ್ಲಿ ನೀವೂ ಬೆಳೆದಂತೆಯೇ! ಹಗೇವಿಗೆ ಸರಾಸರಿ ಗೊತ್ತಿರಲಿಲ್ಲ.

ಹುಡುಗರು ಕಂಡುಕೊಂಡ ವಿಮೆ ಬೇರೆ: ಧಾರವಾಡದ ಹೆದ್ದಾರಿ ಮಗ್ಗುಲಿನ ಬೇಲೂರು ಕೈಗಾರಿಕಾ ಪ್ರದೇಶದ ಪಗಾರ. ಪಕ್ಕದ ಗರಗದಲ್ಲಿ ರಾಷ್ಟ್ರಧ್ವಜದ ಖಾದಿ ನೂತ ಕೈಗಳಿಗೆ ಆ ಭರವಸೆಯೂ ತೆಳುವಾಗಿದೆ. ಧ್ವಜ ಸಂಹಿತೆಗೆ 2021ರ ಡಿಸೆಂಬರಿನಲ್ಲಿ ತಂದ ತಿದ್ದುಪಡಿ ಪಾಲಿಯೆಸ್ಟರ್ ಧ್ವಜಕ್ಕೂ ಒಪ್ಪಿಗೆ ಕೊಟ್ಟಿತು.

2025–26ಕ್ಕೆ ಹೆಸರಿನ ಬೆಂಬಲ ಬೆಲೆ ಕ್ವಿಂಟಲಿಗೆ 8,768 ರೂಪಾಯಿ. ಖರೀದಿ ಕೇಂದ್ರಕ್ಕೆ ಒಯ್ಯುವ ಕಾಳಿನಲ್ಲಿ ತೇವ ಶೇ 12 ದಾಟುವಂತಿಲ್ಲ. ನಾನು ಮರಳಿ ಬಸ್ಸು ಹತ್ತುವಾಗ ಪಡುವಣ ಕಪ್ಪಿಟ್ಟಿತ್ತು, ರಸ್ತೆಯ ಹೆಸರಿನ ಮೇಲೆ ತಾಡಪತ್ರಿ ಎಳೆಯುತ್ತಿದ್ದರು.