ಎಂಜಿನ್ ಎಣ್ಣೆ: ಎಷ್ಟು ತುಂಬಬೇಕು, ಏಕೆ ಬದಲಿಸಬೇಕು?

ಹುಮನಾಬಾದ್, ಬಸವಕಲ್ಯಾಣಗಳ ಹೆದ್ದಾರಿ ಬದಿಯ ಗ್ಯಾರೇಜುಗಳಿಗೆ ಲಾರಿಯ ಎಂಜಿನ್ ಹಳೆಯ ಪರಿಚಯ. ಐಷಾರಾಮಿ ಸೆಡಾನಿನ ಲೆಕ್ಕ ಬೇರೆ. ಸಣ್ಣ ಕಾರಿಗೆ ಸುಮಾರು 3 ಲೀಟರ್ ಎಣ್ಣೆ ಸಾಕಾದರೆ, ಆರು ಸಿಲಿಂಡರಿನ ಸೆಡಾನಿಗೆ 6ರಿಂದ 8 ಲೀಟರ್ ಬೇಕಾಗುತ್ತದೆ. ಉಜ್ಜುವ ಭಾಗಗಳೂ ಹೊರಹಾಕಬೇಕಾದ ಉಷ್ಣವೂ ಅಲ್ಲಿ ಹೆಚ್ಚು.

ಹಾಗೆಂದು ಇನ್ನಷ್ಟು ಸುರಿದರೆ ಒಳ್ಳೆಯದೇ? ಅಲ್ಲ. ಮಟ್ಟ ಮೀರಿದರೆ ತಿರುಗುವ ಕ್ರ್ಯಾಂಕ್‌ದಂಡ ಎಣ್ಣೆಯನ್ನು ಮೊಸರಿನಂತೆ ಕಡೆದು ನೊರೆ ಎಬ್ಬಿಸುತ್ತದೆ. ನೊರೆಯೊಳಗಿನ ಗಾಳಿ ಒತ್ತಡಕ್ಕೆ ಕುಗ್ಗುವುದರಿಂದ ಬೇರಿಂಗಿನಲ್ಲಿ ಎಣ್ಣೆಯ ಪದರ ನಿಲ್ಲುವುದಿಲ್ಲ. ಲೋಹಕ್ಕೆ ಲೋಹ ತಾಗುತ್ತದೆ. ಹಳೆಯ ಎಣ್ಣೆ ಬಸಿದ ಮೇಲೂ ಒಳನಾಳಗಳಲ್ಲಿ ಸ್ವಲ್ಪ ಉಳಿದಿರುತ್ತದೆ. ಆದ್ದರಿಂದ ಕೈಪಿಡಿಯ ಅಂಕಿಗಿಂತ ತುಸು ಕಡಿಮೆ ಸುರಿದು, ಎಂಜಿನ್ ಓಡಿಸಿ ನಿಲ್ಲಿಸಿ, ಎಣ್ಣೆ ಕೆಳಗಿಳಿದ ನಂತರ ಸಮನೆಲದಲ್ಲಿ ಅಳತೆಕಡ್ಡಿ ನೋಡಬೇಕು. (ಕೆಲವು ದುಬಾರಿ ಕಾರುಗಳಲ್ಲಿ ಕಡ್ಡಿಯೇ ಇಲ್ಲ, ಸಂವೇದಕವಿದೆ!)

ಎಣ್ಣೆ ಕಪ್ಪಾದ ಮಾತ್ರಕ್ಕೆ ಕೆಟ್ಟಿತೆನ್ನಲಾಗದು. ಮಸಿಯನ್ನು ತೇಲಿಸಿಟ್ಟುಕೊಳ್ಳುವುದು ಅದರ ಕೆಲಸವೇ. ಆಮ್ಲವನ್ನು ತಟಸ್ಥಗೊಳಿಸುವ ಸೇರ್ಪಡೆಗಳು ಮುಗಿದಾಗ, ಉತ್ಕರ್ಷಣದಿಂದ ಸ್ನಿಗ್ಧತೆ ಏರಿದಾಗ ಅದು ಕೆಡುತ್ತದೆ. ಊರೊಳಗಿನ ಚಿಕ್ಕ ಓಡಾಟದಲ್ಲಿ ಎಂಜಿನ್ ಪೂರ್ತಿ ಬಿಸಿಯಾಗದೆ ನೀರು, ಇಂಧನ ಎಣ್ಣೆಯಲ್ಲೇ ಉಳಿಯುತ್ತವೆ. ಹಾಗಾಗಿ ಕಿಲೋಮೀಟರ್ ತುಂಬದಿದ್ದರೂ ಕೈಪಿಡಿಯ ಅವಧಿಗೆ, ಸಾಮಾನ್ಯವಾಗಿ ವರ್ಷಕ್ಕೊಮ್ಮೆ, ಫಿಲ್ಟರಿನೊಡನೆ ಬದಲಿಸಬೇಕು.

ಬಸಿದ ಎಣ್ಣೆಯ ಗತಿ? 2016ರ ಕೇಂದ್ರ ನಿಯಮಗಳಂತೆ ಅದು ಅಪಾಯಕಾರಿ ತ್ಯಾಜ್ಯ. ಪೀಪಾಯಿಯಲ್ಲಿ ಶೇಖರಿಸಿ ಅಧಿಕೃತ ಸಂಸ್ಕರಣಾ ಘಟಕಕ್ಕೆ ಒಪ್ಪಿಸಬೇಕು. ಬೀದರ್–ಹುಮನಾಬಾದ್ ಪ್ರಸ್ಥಭೂಮಿಯ ಜಂಬಿಟ್ಟಿಗೆ ರಂಧ್ರಮಯ. ಅಂಗಳದಲ್ಲಿ ಚೆಲ್ಲಿದ್ದು ಮಳೆನೀರಿನೊಡನೆ ಬಾವಿಯತ್ತ ಇಳಿಯಬಲ್ಲದು.