ದೂರದರ್ಶನದ ವರದಿಯೂ ಅಭಿಮಾನಿಗಳ ಪ್ರತಿಕ್ರಿಯೆಯೂ: ಬೀಟಲ್ಸ್ ತಂಡದ ಅಮೆರಿಕಾ ಪ್ರವೇಶವನ್ನು ಕುರಿತು ಒಂದು ವಿಚಾರ

ಶಾಸನವೊಂದನ್ನು ಪರಿಶೀಲಿಸುವ ಇತಿಹಾಸಕಾರನು ಅದನ್ನು ಬರೆಯಿಸಿದವರು ಯಾರು, ಯಾವ ಉದ್ದೇಶದಿಂದ ಬರೆಯಿಸಿದರು ಎಂಬ ಪ್ರಶ್ನೆಗಳನ್ನು ಮೊದಲು ಹಾಕಿಕೊಳ್ಳುತ್ತಾನೆ. ಅದನ್ನು ಓದಿದವರು, ಅಥವಾ ಓದಿಸಿ ಕೇಳಿದವರು, ಅದರಿಂದ ಏನನ್ನು ಗ್ರಹಿಸಿದರೆಂಬ ಪ್ರಶ್ನೆಯನ್ನು ಹಾಕಿಕೊಳ್ಳುವುದು ಅಪರೂಪ. ಹಾಕಿಕೊಂಡರೂ ಉತ್ತರ ದೊರೆಯುವುದು ಇನ್ನೂ ಅಪರೂಪ. ಇಪ್ಪತ್ತನೆಯ ಶತಮಾನದ ದೂರದರ್ಶನ ಪ್ರಸಾರಗಳ ವಿಷಯದಲ್ಲಿಯೂ ಸ್ಥಿತಿ ಬಹುಮಟ್ಟಿಗೆ ಇದೇ ಆಗಿದೆ. ಪ್ರಸಾರ ಮಾಡಿದ ಸಂಸ್ಥೆ ಯಾವುದು, ವರದಿಗಾರ ಯಾರು, ಎಷ್ಟು ಜನರು ನೋಡಿದರು ಎಂಬುವು ದಾಖಲೆಗಳಲ್ಲಿ ಉಳಿದಿರುತ್ತವೆ. ನೋಡಿದವರು ಏನನ್ನು ಕಂಡರೆಂಬುದು ಉಳಿಯುವುದಿಲ್ಲ. ಈ ನಿಯಮಕ್ಕೆ ಅಪವಾದವೆನ್ನಬಹುದಾದ ಒಂದು ಪ್ರಸಂಗವು 1963ರ ಕೊನೆಯಲ್ಲಿ ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ನಡೆಯಿತು. ಅದನ್ನು ವಿವರಿಸಿ, ಅದರಿಂದ ತಿಳಿದುಬರುವುದೇನೆಂಬುದನ್ನು ವಿಚಾರಮಾಡುವುದೇ ಪ್ರಕೃತ ಲೇಖನದ ಉದ್ದೇಶ.

ಇಂಗ್ಲೆಂಡಿನ ಲಿವರ್‌ಪೂಲ್ ನಗರದ ನಾಲ್ವರು ತರುಣರಾದ ಜಾನ್ ಲೆನನ್, ಪಾಲ್ ಮೆಕಾರ್ಟ್ನಿ, ಜಾರ್ಜ್ ಹ್ಯಾರಿಸನ್ ಮತ್ತು ರಿಂಗೋ ಸ್ಟಾರ್ ಇವರ ‘ಬೀಟಲ್ಸ್’ ತಂಡವು 1963ರ ಶರತ್ಕಾಲದ ವೇಳೆಗೆ ಬ್ರಿಟನ್ನಿನಲ್ಲಿ ಮನೆಮಾತಾಗಿತ್ತು. ಆ ವರ್ಷದ ಅಕ್ಟೋಬರ್ 13ರಂದು ಲಂಡನ್ನಿನ ಪೆಲೇಡಿಯಮ್ ರಂಗಮಂದಿರದಿಂದ ಪ್ರಸಾರವಾದ ಭಾನುವಾರದ ಕಾರ್ಯಕ್ರಮದಲ್ಲಿ ಅವರು ಹಾಡಿದುದನ್ನು ಸುಮಾರು ಒಂದೂವರೆ ಕೋಟಿ ಜನರು ನೋಡಿದರೆಂದು ಲೆಕ್ಕವಿದೆ. ಅಭಿಮಾನಿಗಳ ಉತ್ಸಾಹವನ್ನು ಒಂದು ಬಗೆಯ ಉನ್ಮಾದವೆಂದು ಸೂಚಿಸುವ ‘ಬೀಟಲ್‌ಮೇನಿಯಾ’ ಎಂಬ ಮಾತು ಆ ದಿನಗಳ ಪತ್ರಿಕೆಗಳಲ್ಲಿ ಬಳಕೆಗೆ ಬಂದಿತು. ಅಭಿಮಾನಿಗಳು ತಮಗೆ ತಾವೇ ಇಟ್ಟುಕೊಂಡ ಹೆಸರು ಇದಲ್ಲ, ನೋಡಿದವರು ಇಟ್ಟ ಹೆಸರು ಎಂಬುದನ್ನು ವಾಚಕರು ಗಮನಿಸಬೇಕು.

ಆದರೆ ಅಮೆರಿಕಾದಲ್ಲಿ ಈ ತಂಡವನ್ನು ಬಲ್ಲವರು ಅತ್ಯಲ್ಪ. ತಂಡದ ಧ್ವನಿಮುದ್ರಿಕೆಗಳನ್ನು ಹೊರತರುತ್ತಿದ್ದ ಬ್ರಿಟನ್ನಿನ ಇ.ಎಂ.ಐ. ಸಂಸ್ಥೆಗೆ ಅಮೆರಿಕಾದ ಕ್ಯಾಪಿಟಲ್ ಸಂಸ್ಥೆಯು ಅಧೀನವಾಗಿದ್ದರೂ, ಈ ಮುದ್ರಿಕೆಗಳು ತನ್ನ ದೇಶದಲ್ಲಿ ಮಾರಾಟವಾಗಲಾರವೆಂದು ಆ ಸಂಸ್ಥೆ ಮತ್ತೆ ಮತ್ತೆ ನಿರಾಕರಿಸಿತ್ತು. ವೀ-ಜೇ ಮತ್ತು ಸ್ವಾನ್ ಎಂಬ ಸಣ್ಣ ಸಂಸ್ಥೆಗಳು 1963ರಲ್ಲಿ ಕೆಲವು ಹಾಡುಗಳನ್ನು ಹೊರತಂದುವಾದರೂ ಅವುಗಳಿಗೆ ಮನ್ನಣೆ ದೊರೆಯಲಿಲ್ಲ. ಹಾಡುಗಳು ಅಂಗಡಿಗಳಲ್ಲಿದ್ದುವು, ಕೇಳುವವರಿರಲಿಲ್ಲ.

ಇಂಥ ಸಂದರ್ಭದಲ್ಲಿ ಅಮೆರಿಕಾದ ದೂರದರ್ಶನ ಸಂಸ್ಥೆಗಳು ಬೀಟಲ್ಸ್ ತಂಡದತ್ತ ಕಣ್ಣು ಹಾಯಿಸಿದುದಕ್ಕೆ ಸಂಗೀತದಲ್ಲಿನ ಆಸಕ್ತಿಯು ಕಾರಣವಾಗಿರಲಿಲ್ಲ. 1963ರ ಸೆಪ್ಟೆಂಬರಿನಲ್ಲಿ ಸಿ.ಬಿ.ಎಸ್. ಮತ್ತು ಎನ್.ಬಿ.ಸಿ. ಸಂಸ್ಥೆಗಳು ತಮ್ಮ ಸಾಯಂಕಾಲದ ವಾರ್ತಾ ಪ್ರಸಾರವನ್ನು ಹದಿನೈದು ನಿಮಿಷಗಳಿಂದ ಮೂವತ್ತು ನಿಮಿಷಗಳಿಗೆ ವಿಸ್ತರಿಸಿದ್ದುವು. ಹೀಗೆ ದೊರೆತ ಹೆಚ್ಚಿನ ಅವಧಿಯಲ್ಲಿ ರಾಜಕೀಯ ವಾರ್ತೆಗಳ ಜೊತೆಗೆ ದೇಶವಿದೇಶಗಳ ಕೌತುಕದ ಸಂಗತಿಗಳಿಗೂ ಎಡೆಯಾಯಿತು. ನವೆಂಬರ್ 16ರಂದು ಬೋರ್ನ್‌ಮತ್ ಪಟ್ಟಣದಲ್ಲಿ ನಡೆದ ಕಚೇರಿಗೆ ಅಮೆರಿಕಾದ ಸಂಸ್ಥೆಗಳ ಚಿತ್ರಗ್ರಾಹಕರು ಹೋಗಿ ಗಾಯಕರನ್ನೂ ಕೂಗುತ್ತಿದ್ದ ಅಭಿಮಾನಿಗಳನ್ನೂ ಚಿತ್ರೀಕರಿಸಿಕೊಂಡರು. 18ರಂದು ಎನ್.ಬಿ.ಸಿ.ಯ ವಾರ್ತೆಯಲ್ಲಿ ಎಡ್ವಿನ್ ನ್ಯೂಮನ್ನನ ವರದಿಯೂ, 22ರ ಬೆಳಗಿನ ಸಿ.ಬಿ.ಎಸ್. ವಾರ್ತೆಯಲ್ಲಿ ಅಲೆಕ್ಸಾಂಡರ್ ಕೆಂಡ್ರಿಕ್ಕನ ವರದಿಯೂ ಪ್ರಸಾರವಾದುವು. ಎರಡನೆಯ ವರದಿಯನ್ನು ಅಂದು ಸಾಯಂಕಾಲ ಪುನಃ ತೋರಿಸಬೇಕೆಂದಿದ್ದಿತು. ಆದರೆ ಆ ಮಧ್ಯಾಹ್ನ ಡಲ್ಲಾಸ್ ನಗರದಲ್ಲಿ ಅಧ್ಯಕ್ಷ ಕೆನೆಡಿಯವರ ಹತ್ಯೆಯಾದುದರಿಂದ ಉಳಿದೆಲ್ಲ ವಿಷಯಗಳೂ ಬದಿಗೆ ಸರಿದುವು. ಕೊನೆಗೆ ಡಿಸೆಂಬರ್ 10ರಂದು ವಾಲ್ಟರ್ ಕ್ರಾಂಕೈಟನು ತನ್ನ ಸಾಯಂಕಾಲದ ವಾರ್ತೆಯಲ್ಲಿ ಅದನ್ನು ಪ್ರಸಾರ ಮಾಡಿದನು.

ಈ ವರದಿಗಳ ಧಾಟಿಯು ಗೇಲಿಯದು. ವರದಿಗಾರರು ಗಂಭೀರ ರಾಜಕೀಯ ವಿಷಯಗಳಲ್ಲಿ ಪಳಗಿದ ಪ್ರೌಢರು. ಗಾಯಕರ ತಲೆಗೂದಲು ಅವರಿಗೆ ಪರಿಹಾಸ್ಯದ ವಸ್ತುವಾಯಿತು. ಕೂಗುವ ಹುಡುಗಿಯರು ಸಮಾಜಶಾಸ್ತ್ರಜ್ಞರು ವಿವರಿಸಬೇಕಾದ ಒಂದು ವಿಲಕ್ಷಣ ಜಾತಿಯಾಗಿ ತೋರಿದರು. ಅಭಿಮಾನಿಗಳು ಅಲ್ಲಿ ವರ್ಣನೆಗೆ ಗುರಿಯಾದವರೇ ಹೊರತು ಮಾತಿಗೆ ಪಾತ್ರರಾದವರಲ್ಲ. ಆ ವರದಿಯ ಉದ್ದಿಷ್ಟ ವೀಕ್ಷಕನು ಊಟದ ಹೊತ್ತಿಗೆ ವಾರ್ತೆಯನ್ನು ನೋಡುವ ಮನೆಯ ಯಜಮಾನ. ಅವನೂ ವರದಿಗಾರನೂ ಒಟ್ಟಿಗೆ ನಗಬೇಕೆಂಬುದು ಅದರ ಆಶಯ.

ಆದರೆ ಅದೇ ಕೋಣೆಯಲ್ಲಿ ಯಜಮಾನನ ಮಕ್ಕಳೂ ಕುಳಿತಿದ್ದರು. ವಾಷಿಂಗ್‌ಟನ್ನಿನ ಸಮೀಪದಲ್ಲಿರುವ ಸಿಲ್ವರ್ ಸ್ಪ್ರಿಂಗ್ ಎಂಬ ಊರಿನ ಹದಿನೈದು ವರ್ಷದ ಶಾಲಾ ಬಾಲಿಕೆಯೊಬ್ಬಳು ಡಿಸೆಂಬರ್ 10ರ ಪ್ರಸಾರವನ್ನು ನೋಡಿ, ಇಂಥ ಸಂಗೀತವು ನಮ್ಮ ದೇಶದಲ್ಲಿ ನಮಗೇಕೆ ದೊರೆಯಬಾರದೆಂದು ಡಬ್ಲ್ಯು.ಡಬ್ಲ್ಯು.ಡಿ.ಸಿ. ಎಂಬ ರೇಡಿಯೋ ಕೇಂದ್ರಕ್ಕೆ ಪತ್ರ ಬರೆದಳು. ಅಲ್ಲಿನ ನಿರೂಪಕ ಕ್ಯಾರಲ್ ಜೇಮ್ಸನು ವಿಮಾನ ಸಂಸ್ಥೆಯೊಂದರ ಗಗನಸಖಿಯ ಮೂಲಕ ಇಂಗ್ಲೆಂಡಿನಿಂದ ತಂಡದ ಹೊಸ ಮುದ್ರಿಕೆಯನ್ನು ತರಿಸಿ, ಡಿಸೆಂಬರ್ 17ರಂದು ಆ ಬಾಲಿಕೆಯನ್ನೇ ಕರೆದು, ಆಕೆಯ ಬಾಯಿಂದಲೇ ಹಾಡನ್ನು ಪರಿಚಯ ಮಾಡಿಸಿ ಪ್ರಸಾರ ಮಾಡಿದನು. ಮತ್ತೆ ಹಾಕಬೇಕೆಂದು ಕೇಳುಗರಿಂದ ದೂರವಾಣಿ ಕರೆಗಳು ಒಂದರ ಮೇಲೊಂದು ಬಂದುವು. ಹಾಡಿನ ಪ್ರತಿಗಳು ಬೇರೆ ನಗರಗಳ ಕೇಂದ್ರಗಳಿಗೂ ತಲಪಿದುವು. ಈ ವೇಳೆಗೆ ಆ ಮುದ್ರಿಕೆಯನ್ನು ಹೊರತರಲು ಒಪ್ಪಿ 1964ರ ಜನವರಿ 13ನ್ನು ಬಿಡುಗಡೆಯ ದಿನವೆಂದು ಗೊತ್ತುಮಾಡಿದ್ದ ಕ್ಯಾಪಿಟಲ್ ಸಂಸ್ಥೆಯು ಪ್ರಸಾರವನ್ನು ತಡೆಯಲು ಮೊದಲು ಯತ್ನಿಸಿತು. ಅದು ಸಾಗದೆ, ಬಿಡುಗಡೆಯನ್ನೇ ಡಿಸೆಂಬರ್ 26ಕ್ಕೆ ಹಿಂದೆಗೆದುಕೊಂಡಿತು. ಶಾಲೆಗಳಿಗೆ ಕ್ರಿಸ್‌ಮಸ್ ರಜೆಯಿದ್ದ ಕಾಲ ಅದು. ತರುಣರು ದಿನವೆಲ್ಲ ರೇಡಿಯೋ ಕೇಳುತ್ತಿದ್ದರು. ಫೆಬ್ರವರಿ 1ರ ‘ಬಿಲ್‌ಬೋರ್ಡ್’ ಪಟ್ಟಿಯಲ್ಲಿ ಆ ಹಾಡು ಮೊದಲನೆಯ ಸ್ಥಾನದಲ್ಲಿದ್ದಿತು.

ಒಬ್ಬ ಬಾಲಿಕೆಯ ಪತ್ರದಿಂದಲೇ ಇದೆಲ್ಲವೂ ಆಯಿತೆಂದು ಹೇಳುವುದು ಅತಿಶಯೋಕ್ತಿಯಾದೀತು. ತಂಡದ ವ್ಯವಸ್ಥಾಪಕ ಬ್ರಯನ್ ಎಪ್‌ಸ್ಟೈನನು ನವೆಂಬರಿನಲ್ಲಿಯೇ ನ್ಯೂಯಾರ್ಕಿಗೆ ಹೋಗಿ, ಎಡ್ ಸಲಿವನ್ನನ ಜನಪ್ರಿಯ ದೂರದರ್ಶನ ಕಾರ್ಯಕ್ರಮದಲ್ಲಿ ಮೂರು ಬಾರಿ ಕಾಣಿಸಿಕೊಳ್ಳುವುದಕ್ಕೆ ಒಟ್ಟು 10,000 ಡಾಲರುಗಳ ಒಪ್ಪಂದ ಮಾಡಿಕೊಂಡಿದ್ದನು. ಆದುದರಿಂದ ತಂಡವು ಹೇಗೂ ಅಮೆರಿಕಾಕ್ಕೆ ಬರುತ್ತಿದ್ದಿತು. ಪತ್ರದ ಮಹತ್ವವಿರುವುದು ಬೇರೆ ಕಡೆ. ಗೇಲಿಗಾಗಿ ಸಿದ್ಧಪಡಿಸಿದ ಚಿತ್ರವನ್ನು ಒಬ್ಬ ವೀಕ್ಷಕಳು ಆಹ್ವಾನವೆಂದು ಓದಿಕೊಂಡಳೆಂಬುದಕ್ಕೆ ಅದು ಸಮಕಾಲೀನ ಸಾಕ್ಷ್ಯ. ವರದಿಗಾರನ ಮಾತು ಒಂದು ಅರ್ಥವನ್ನು ಹೇಳುತ್ತಿದ್ದಾಗ, ಅದರ ಹಿಂದೆ ಕೇಳಿಸುತ್ತಿದ್ದ ಹಾಡೂ ತನ್ನದೇ ವಯಸ್ಸಿನ ಹುಡುಗಿಯರ ಸಂತೋಷವೂ ಆಕೆಗೆ ಇನ್ನೊಂದು ಅರ್ಥವನ್ನು ಹೇಳಿದುವು. ಪ್ರಸಾರ ಮಾಡುವವರು ತುಂಬಿದ ಅರ್ಥವನ್ನು ನೋಡುವವರು ಹಾಗೆಯೇ ಸ್ವೀಕರಿಸಬಹುದು, ತಮಗೆ ಬೇಕಾದಂತೆ ತಿದ್ದಿಕೊಳ್ಳಬಹುದು, ಇಲ್ಲವೆ ತಿರಸ್ಕರಿಸಬಹುದು ಎಂದು ಬ್ರಿಟನ್ನಿನ ವಿದ್ವಾಂಸ ಸ್ಟುಅರ್ಟ್ ಹಾಲ್ 1973ರಲ್ಲಿ ಪ್ರತಿಪಾದಿಸಿದನು. ಆ ಸಿದ್ಧಾಂತಕ್ಕೆ ಹತ್ತು ವರ್ಷಗಳ ಹಿಂದಿನ ಈ ಪ್ರಸಂಗವು ಒಳ್ಳೆಯ ನಿದರ್ಶನವೆನ್ನಬಹುದು.

ಈ ಪ್ರಸಂಗಕ್ಕೆ ಸಾಮಾನ್ಯವಾಗಿ ಕೊಡುವ ಇನ್ನೊಂದು ವಿವರಣೆಯನ್ನೂ ಇಲ್ಲಿ ಪರಿಶೀಲಿಸಬೇಕು. ಕೆನೆಡಿಯವರ ಹತ್ಯೆಯಿಂದ ದುಃಖದಲ್ಲಿ ಮುಳುಗಿದ್ದ ದೇಶಕ್ಕೆ ಉಲ್ಲಾಸವು ಬೇಕಾಗಿದ್ದಿತು, ಅದನ್ನು ಬೀಟಲ್ಸ್ ತಂಡವು ಒದಗಿಸಿತು ಎಂಬುದೇ ಆ ವಿವರಣೆ. ಅದರಲ್ಲಿ ಸತ್ಯಾಂಶವಿಲ್ಲವೆಂದು ಹೇಳುವಂತಿಲ್ಲ. ಆದರೆ ಅಂಥ ದುಃಖಕ್ಕೆ ಕಾರಣವೇ ಇಲ್ಲದಿದ್ದ ಬ್ರಿಟನ್ನಿನಲ್ಲಿ ಹತ್ಯೆಗೆ ಮೊದಲೇ ಅಷ್ಟೇ ಉತ್ಸಾಹವು ಕಂಡುಬಂದಿದ್ದಿತಷ್ಟೆ. ಅಲ್ಲದೆ, ಈ ವಿವರಣೆಯು ಅಭಿಮಾನಿಗಳನ್ನು ಕೇವಲ ಔಷಧ ಸೇವಿಸಿದ ರೋಗಿಗಳನ್ನಾಗಿ ಮಾಡುತ್ತದೆ. ಪತ್ರ ಬರೆದವಳು, ದೂರವಾಣಿ ಮಾಡಿದವರು, ಮುದ್ರಿಕೆಯನ್ನು ಹುಡುಕಿಕೊಂಡು ಅಂಗಡಿಗಳಿಗೆ ಹೋದವರು ಮಾಡಿದ ಆಯ್ಕೆಗೆ ಇದರಲ್ಲಿ ಸ್ಥಾನವಿಲ್ಲ.

ಇನ್ನು ದೂರದರ್ಶನದ ಮಾತಿನ ಧಾಟಿಯು ಬದಲಾದುದನ್ನು ನೋಡೋಣ. 1964ರ ಜನವರಿ 3ರಂದು ಎನ್.ಬಿ.ಸಿ.ಯಲ್ಲಿ ಜ್ಯಾಕ್ ಪಾರನು ತಂಡದ ಚಲನಚಿತ್ರದ ತುಣುಕುಗಳನ್ನು ತೋರಿಸಿದಾಗಲೂ ಅಭಿಮಾನಿಗಳು ನಗೆಯ ವಸ್ತುಗಳೇ ಆಗಿದ್ದರು. ಫೆಬ್ರವರಿ 7ರಂದು ತಂಡವು ನ್ಯೂಯಾರ್ಕಿನ ಕೆನೆಡಿ ವಿಮಾನ ನಿಲ್ದಾಣದಲ್ಲಿ ಇಳಿದಾಗ ಸಾವಿರಾರು ತರುಣ ತರುಣಿಯರು ಅಲ್ಲಿ ನೆರೆದಿದ್ದರು. 9ರ ಭಾನುವಾರ ಸಲಿವನ್ನನ ಕಾರ್ಯಕ್ರಮ ನಡೆಯಿತು. ರಂಗಮಂದಿರದಲ್ಲಿದ್ದ ಆಸನಗಳು 728. ಪ್ರವೇಶಪತ್ರಕ್ಕೆ ಬಂದ ಕೋರಿಕೆಗಳು 50,000ಕ್ಕೂ ಹೆಚ್ಚು. ಪ್ರಸಾರವನ್ನು ಸುಮಾರು 7 ಕೋಟಿ 30 ಲಕ್ಷ ಜನರು, ಎಂದರೆ ಅಂದಿನ ಅಮೆರಿಕಾದ ಜನಸಂಖ್ಯೆಯಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಮಂದಿ, ನೋಡಿದರೆಂದು ಅಂದಾಜು. ಆ ರಾತ್ರಿ ಹಾಡಿನ ನಡುವೆ ಒಬ್ಬೊಬ್ಬ ಗಾಯಕನ ಹೆಸರನ್ನೂ ತೆರೆಯ ಮೇಲೆ ಮೂಡಿಸಿದರು. ಲೆನನ್ನನ ಹೆಸರಿನ ಕೆಳಗೆ, ಈತನಿಗೆ ಮದುವೆಯಾಗಿದೆ, ಹುಡುಗಿಯರು ಕ್ಷಮಿಸಬೇಕು ಎಂಬ ಅರ್ಥದ ಒಂದು ಸಾಲೂ ಇದ್ದಿತು. ಅದು ವಿನೋದದ ಸಾಲು, ನಿಜ. ಆದರೂ ಎರಡು ತಿಂಗಳ ಹಿಂದೆ ಹುಡುಗಿಯರನ್ನು ಕುರಿತು ಅವರ ತಂದೆಯರೊಡನೆ ಮಾತನಾಡುತ್ತಿದ್ದ ದೂರದರ್ಶನವು ಈಗ ಹುಡುಗಿಯರೊಡನೆಯೇ ಮಾತನಾಡುತ್ತಿದೆ. ಪ್ರಥಮ ಪುರುಷದಲ್ಲಿದ್ದವರು ಮಧ್ಯಮ ಪುರುಷಕ್ಕೆ ಬಂದರು. ಈ ಬದಲಾವಣೆಯನ್ನು ತಂದುದು ಸಂಸ್ಥೆಗಳ ಔದಾರ್ಯವಲ್ಲ, ಅಭಿಮಾನಿಗಳ ಪ್ರತಿಕ್ರಿಯೆ.

ಇದರಿಂದ ಅಭಿಮಾನಿಗಳಿಗೆ ನ್ಯಾಯ ದೊರೆಯಿತೆಂದು ಭಾವಿಸಬಾರದು. ಅದೇ ಫೆಬ್ರವರಿ 28ರ ‘ನ್ಯೂ ಸ್ಟೇಟ್ಸ್‌ಮನ್’ ಪತ್ರಿಕೆಯಲ್ಲಿ ಪಾಲ್ ಜಾನ್‌ಸನ್ ಎಂಬ ಲೇಖಕನು, ತರುಣರ ಸಂಗೀತ ಕಾರ್ಯಕ್ರಮಗಳಲ್ಲಿ ಕ್ಯಾಮೆರಾ ತೋರಿಸುತ್ತಿದ್ದ ಶ್ರೋತೃಗಳ ಮುಖಗಳನ್ನು ನೋಡಿ, ಇವರು ತಮ್ಮ ಪೀಳಿಗೆಯ ನಿರ್ಭಾಗ್ಯರೆಂದು ತೀರ್ಮಾನಿಸಿದನು. ಓದುಗರು ಪತ್ರಗಳ ಮೂಲಕ ಪ್ರತಿಭಟಿಸಿದರು. ಬಾಲಿಕೆಯು ಸಂತೋಷವನ್ನು ಕಂಡ ಮುಖಗಳಂಥವುಗಳಲ್ಲಿಯೇ ಈ ವಿದ್ಯಾವಂತನು ಶೂನ್ಯತೆಯನ್ನು ಕಂಡನು. ಮುಂದೆ ಬಾರ್ಬರಾ ಎರನ್‌ರೈಕ್ ಮತ್ತು ಆಕೆಯ ಸಹಲೇಖಕಿಯರು, ವಿನಯ ವಿಧೇಯತೆಗಳನ್ನೇ ಹೆಣ್ಣಿನ ಗುಣವೆಂದು ಬೋಧಿಸುತ್ತಿದ್ದ ಸಮಾಜದಲ್ಲಿ ಬಾಲಿಕೆಯರ ಆ ಕೂಗು ಒಂದು ಬಗೆಯ ಪ್ರತಿಭಟನೆಯೇ ಆಗಿದ್ದಿತೆಂದು ವಾದಿಸಿದರು.

ದೂರದರ್ಶನವು ಅಭಿಮಾನಿಗಳನ್ನು ತಿದ್ದಿದ್ದೂ ಉಂಟು. ಸಲಿವನ್ನನ ಕಾರ್ಯಕ್ರಮದಲ್ಲಿ ಕ್ಯಾಮೆರಾವು ಗಾಯಕರಿಂದ ಕೂಗುವ ಹುಡುಗಿಯರ ಕಡೆಗೆ ಮತ್ತೆ ಮತ್ತೆ ತಿರುಗಿತು. ಕಚೇರಿಯಲ್ಲಿ ಹೇಗೆ ನಡೆದುಕೊಳ್ಳಬೇಕೆಂಬುದಕ್ಕೆ ಅದು ಪಾಠದಂತಾಯಿತು. 1965ರ ಆಗಸ್ಟ್ 15ರಂದು ನ್ಯೂಯಾರ್ಕಿನ ಶೇ ಕ್ರೀಡಾಂಗಣದಲ್ಲಿ ಸುಮಾರು 55,600 ಜನರು ಸೇರಿದಾಗ, ಕೂಗಿನಲ್ಲಿ ಹಾಡು ಮುಳುಗಿಹೋಯಿತು. ಆ ಕಚೇರಿಯ ಚಿತ್ರವನ್ನು ದೂರದರ್ಶನಕ್ಕೆ ಅಣಿಗೊಳಿಸುವಾಗ ತಂಡದವರು ಲಂಡನ್ನಿನ ಧ್ವನಿಮುದ್ರಣ ಮಂದಿರದಲ್ಲಿ ಹಾಡಿನ ಭಾಗಗಳನ್ನು ಹೊಸದಾಗಿ ಸೇರಿಸಬೇಕಾಯಿತು. 1966ರ ಆಗಸ್ಟ್ 29ರ ಸ್ಯಾನ್‌ಫ್ರಾನ್ಸಿಸ್ಕೋ ಕಚೇರಿಯ ಅನಂತರ ಅವರು ಸಂಚಾರವನ್ನೇ ನಿಲ್ಲಿಸಿದರು. ಸಂಗೀತಕ್ಕಾಗಿ ಬಂದವರು ಸಂಗೀತವನ್ನು ಕೇಳದಂತಾದುದು ಈ ಕಥೆಯ ವಿಷಾದದ ಅಂಶ.

ಮೇಲಿನ ವಿವೇಚನೆಯಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಪ್ರಸಾರದ ಚಿತ್ರಸುರುಳಿಯು ಪ್ರಸಾರಕನ ಮನಸ್ಸಿಗೆ ಸಾಕ್ಷ್ಯವೇ ಹೊರತು ನೋಡಿದವರ ಮನಸ್ಸಿಗೆ ಅಲ್ಲ. ಚಿತ್ರಸುರುಳಿಯನ್ನೇ ನಂಬಿದ ಇತಿಹಾಸಕಾರನು 1963ರ ವರದಿಗಾರರ ಗೇಲಿಯನ್ನು ತನಗರಿಯದೆಯೇ ಇತಿಹಾಸವೆಂದು ಬರೆಯುವ ಅಪಾಯವಿದೆ. ‘ಉನ್ಮಾದ’ವೆಂಬ ಮಾತು ಇಂದಿಗೂ ಪುಸ್ತಕಗಳಲ್ಲಿ ಉಳಿದಿರುವುದು ಇದರಿಂದಲೇ. ನೋಡಿದವರ ಪತ್ರ, ದಿನಚರಿ, ರೇಡಿಯೋ ಕೇಂದ್ರಗಳಿಗೆ ಬಂದ ಕೋರಿಕೆಗಳು ಮೊದಲಾದುವನ್ನು ಜನರು ಬೇಗನೆ ಎಸೆದುಬಿಡುತ್ತಾರೆ. ಹದಿನೈದರ ಬಾಲಿಕೆಯ ಒಂದು ಪತ್ರವು ನೆನಪಿನಲ್ಲಿ ಉಳಿದುದರಿಂದ ಇಷ್ಟನ್ನು ತಿಳಿಯುವುದು ಸಾಧ್ಯವಾಯಿತು. ಉಳಿಯದೆ ಹೋದ ಪತ್ರಗಳನ್ನು ಬರೆದವರೂ ಆ ರಾತ್ರಿ ಏನನ್ನೋ ಕಂಡಿದ್ದರೆಂಬ ಎಚ್ಚರವು ಈ ಕಾಲದ ಇತಿಹಾಸವನ್ನು ಬರೆಯುವವರಿಗೆ ಅವಶ್ಯವೆಂದು ತೋರುತ್ತದೆ.