ಚೀಸ್ ಊರಿನ ಲೆಕ್ಕಪತ್ರ

ಬ್ರಿಟನ್ನಿನ ಪಶ್ಚಿಮ ಭಾಗದಲ್ಲಿ ವೇಲ್ಸ್ ಎಂಬ ಪುಟ್ಟ ನಾಡಿದೆ. ಮಳೆ, ಹುಲ್ಲು, ಕುರಿ, ಹಸು ಅಲ್ಲಿನ ಹಳ್ಳಿಗಳ ಬದುಕು. ಆ ನಾಡಿನ ಕೇರ್ಫಿಲ್ಲಿ ಎಂಬ ಊರಿನ ಹೆಸರಿನಲ್ಲಿ ಬೆಳ್ಳಗಿನ, ಮುಟ್ಟಿದರೆ ಪುಡಿಯಾಗುವ ಒಂದು ಚೀಸ್ ಇದೆ. ಹಿಂದೆ ಕಲ್ಲಿದ್ದಲು ಗಣಿಯ ಕೂಲಿಗಳು ಬುತ್ತಿಗೆ ಕಟ್ಟಿಕೊಂಡು ಹೋಗುತ್ತಿದ್ದ ಚೀಸ್ ಅದು. ಹಾಲಿನವರಾದ ನಮಗೆ ಆ ಊರಿನ ಪರಿಚಯ ಅಷ್ಟೇ ಆಗಿದ್ದರೆ ಚೆನ್ನಾಗಿತ್ತು. 2013ರಲ್ಲಿ ಅದು ಸುದ್ದಿಯಾದದ್ದು ಮಾತ್ರ ಆಡಿಟ್‌ನಿಂದ.

ನಮ್ಮ ಜಿಲ್ಲಾ ಪಂಚಾಯಿತಿಯಂತೆ ಅಲ್ಲೊಂದು ಕೌನ್ಸಿಲ್ ಇದೆ. ಕೆಳಗಿನ ನೌಕರರ ಸಂಬಳ ಏರದೆ ನಿಂತಿದ್ದ ಕಾಲ. 2012ರ ಸೆಪ್ಟೆಂಬರ್‌ನಲ್ಲಿ ಒಂದು ಚಿಕ್ಕ ಸಮಿತಿ ಕುಳಿತು ಮೇಲಧಿಕಾರಿಗಳ ಸಂಬಳ ಏರಿಸಿತು. ಮುಖ್ಯಾಧಿಕಾರಿಯ ವಾರ್ಷಿಕ ಸಂಬಳ ಸುಮಾರು 1,32,000 ಪೌಂಡ್‌ನಿಂದ 1,58,000ಕ್ಕೆ ಹೋಯಿತು. ಸಭೆಯ ಪ್ರಕಟಣೆ ಸರಿಯಾಗಿ ಹೊರಟಿರಲಿಲ್ಲ, ಕಾರ್ಯಸೂಚಿ ಜನರ ಕೈಗೆ ಸಿಕ್ಕಿರಲಿಲ್ಲ. ಸಂಬಳ ಏರಬೇಕಾದವರೇ ಸಭೆಯಲ್ಲಿದ್ದರು! ಮರುವರ್ಷ ಮಾರ್ಚ್‌ನಲ್ಲಿ ಲೆಕ್ಕ ಪರಿಶೋಧಕರು ಸಾರ್ವಜನಿಕ ಹಿತದ ವರದಿ ಹೊರಡಿಸಿ, ಈ ತೀರ್ಮಾನ ಕಾನೂನುಬಾಹಿರ ಎಂದು ಬರೆದರು.

ಮುಂದಿನದು ಅಷ್ಟು ಸಲೀಸಾಗಲಿಲ್ಲ. ಅಧಿಕಾರಿಗಳ ಮೇಲಿನ ಕ್ರಿಮಿನಲ್ ಮೊಕದ್ದಮೆ ನಿಲ್ಲಲಿಲ್ಲ. ಅಮಾನತಾದ ಮುಖ್ಯಾಧಿಕಾರಿಯನ್ನು ಕೆಲಸದಿಂದ ತೆಗೆದದ್ದು 2019ರಲ್ಲಿ. ಅಷ್ಟು ವರ್ಷಗಳ ಸಂಬಳ, ವಕೀಲರ ಖರ್ಚು ಎಲ್ಲ ಕೌನ್ಸಿಲ್ಲಿನ ತಲೆಗೇ, ಅಂದರೆ ತೆರಿಗೆ ಕಟ್ಟುವವರ ತಲೆಗೇ ಬಂತು. ತಪ್ಪು ಹಿಡಿಯಲು ಆಡಿಟ್‌ಗೆ ಆರು ತಿಂಗಳು ಸಾಕಾಯಿತು, ಅದನ್ನು ತಿದ್ದಲು ಆರು ವರ್ಷ ಹಿಡಿಯಿತು.

ಆದರೂ ಹಿಡಿದರಲ್ಲ, ಅದು ಹೇಗೆ? ವೇಲ್ಸ್‌ಗೆ ಸ್ವಂತ ಶಾಸನಸಭೆ ಬಂದದ್ದು 1999ರಲ್ಲಿ. ಅದನ್ನು ಈಗ ಸೆನೆಡ್ ಎನ್ನುತ್ತಾರೆ. ಅಧಿಕಾರದ ಜೊತೆಗೆ ದುಡ್ಡೂ ಲಂಡನ್ನಿನಿಂದ ಬಂದ ಮೇಲೆ, ಖರ್ಚನ್ನು ನೋಡುವವರೂ ನಾಡಿನಲ್ಲೇ ಇರಬೇಕಾಯಿತು. 2004ರ ಕಾಯ್ದೆ ಎರಡು ಕಡೆ ಹಂಚಿಹೋಗಿದ್ದ ಆಡಿಟ್ ಕೆಲಸವನ್ನು ಒಬ್ಬ ಮಹಾ ಲೆಕ್ಕ ಪರಿಶೋಧಕರ ಕೈಕೆಳಗೆ ತಂದಿತು. ಸರ್ಕಾರ, ಆಸ್ಪತ್ರೆ, ಕೌನ್ಸಿಲ್ ಎಲ್ಲಕ್ಕೂ ಅವರೇ.

ಆದರೆ ಲೆಕ್ಕ ನೋಡುವವರ ಲೆಕ್ಕವನ್ನು ನೋಡುವವರು ಯಾರು? 2013ರಲ್ಲಿ ಸೆನೆಡ್ ಮಾಡಿದ ಇನ್ನೊಂದು ಕಾಯ್ದೆ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡಿತು. ಮಹಾ ಲೆಕ್ಕ ಪರಿಶೋಧಕರಿಗೆ 8 ವರ್ಷದ ಒಂದೇ ಅವಧಿ, ಎರಡನೆಯ ಸಲ ಇಲ್ಲ. ಮತ್ತೆ ನೇಮಕವಾಗುವ ಆಸೆಯೇ ಇಲ್ಲದವರು ಯಾರ ಮುಖ ನೋಡಬೇಕು? ಯಾರ ಲೆಕ್ಕ ಹೇಗೆ ನೋಡಬೇಕೆಂದು ಸರ್ಕಾರವಾಗಲಿ ಸೆನೆಡ್ ಆಗಲಿ ಅವರಿಗೆ ಹೇಳುವಂತಿಲ್ಲ. ಅವರ ಕಚೇರಿಯ ಮೇಲೆ 9 ಜನರ ಮಂಡಳಿ ಕೂತಿತು. ಅದರಲ್ಲಿ 5 ಜನ ಹೊರಗಿನವರು, ಇಬ್ಬರು ನೌಕರರೇ ಆರಿಸಿ ಕಳಿಸಿದವರು. ಆ ಕಚೇರಿಯ ಸ್ವಂತ ಲೆಕ್ಕಕ್ಕೆ ಬೇರೆ ಆಡಿಟರ್.

ನನಗೆ ಇದಕ್ಕಿಂತ ಹಿಡಿಸಿದ್ದು 2004ರ ಕಾಯ್ದೆಯ ಇನ್ನೊಂದು ಮಾತು. ವರ್ಷಕ್ಕೊಮ್ಮೆ 20 ಕೆಲಸದ ದಿನ ಕೌನ್ಸಿಲ್ ತನ್ನ ಲೆಕ್ಕವನ್ನು ಜನರಿಗೆ ತೆರೆದಿಡಬೇಕು. ಬರೀ ಜಮಾ ಖರ್ಚಿನ ಹಾಳೆಯಲ್ಲ, ಬಿಲ್ಲು, ವೋಚರು, ರಸೀದಿ, ಕರಾರುಪತ್ರ ಎಲ್ಲವನ್ನೂ. ನಕಲು ಮಾಡಿಕೊಳ್ಳಬಹುದು. ಅಲ್ಲಿನ ಮತದಾರರು ಆಡಿಟರನ್ನೇ ನೇರವಾಗಿ ಪ್ರಶ್ನೆ ಕೇಳಬಹುದು, ಲಿಖಿತ ಆಕ್ಷೇಪಣೆ ಕೊಡಬಹುದು. ನಮ್ಮ ಗ್ರಾಮ ಪಂಚಾಯಿತಿಯಂಥ ಚಿಕ್ಕ ಸಮುದಾಯ ಕೌನ್ಸಿಲ್‌ಗೂ ಇದು ಅನ್ವಯ.

ನಮ್ಮಲ್ಲೂ ಪಂಚಾಯಿತಿ ಜಮಾಬಂದಿ ಇದೆ, ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ. ಎಷ್ಟು ಮಂದಿ ಹೆಣ್ಣುಮಕ್ಕಳು ಹೋಗುತ್ತೇವೆ? ಹಾಲು ಕರೆಯುವ ಹೊತ್ತು, ಮೇವಿನ ಹೊತ್ತು ಬಿಟ್ಟು ಜಮಾಬಂದಿ ಇಟ್ಟರೆ ಹೋಗಲೂ ಆದೀತು. ಇದನ್ನು ಪಂಚಾಯಿತಿಯಲ್ಲಿ ಹೇಳಬೇಕಾದವರೂ ನಾವೇ.

ಇನ್ನು ನಮ್ಮ ಹಾಲು ಉತ್ಪಾದಕರ ಸಂಘ ಸರ್ಕಾರದ್ದಲ್ಲ, ಷೇರು ಹಾಕಿದ ನಮ್ಮದು. ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ 63ನೇ ಕಲಮಿನಂತೆ ಪ್ರತಿ ವರ್ಷ ಆಡಿಟ್ ಆಗಲೇಬೇಕು, ವರದಿ ಮಹಾಸಭೆಯ ಮುಂದೆ ಬರಬೇಕು. ಬೋನಸ್ ಎಷ್ಟು ಎನ್ನುವ ಗದ್ದಲದಲ್ಲಿ ಆ ವರದಿಗೆ ಎರಡು ನಿಮಿಷವೂ ಸಿಗುವುದಿಲ್ಲ ಎಂಬುದು ಬೇರೆ ಮಾತು. ಬೋನಸ್ ಹುಟ್ಟುವುದು ಆ ಹಾಳೆಯಿಂದಲೇ ತಾನೆ? ಈ ಸಲ ಸಭೆಗೆ ನಾಲ್ಕು ದಿನ ಮೊದಲೇ ಕಾರ್ಯದರ್ಶಿಯವರ ಹತ್ತಿರ ವರದಿ ಕೇಳಿ. ಲೋಕಲ್ ಮಾರಾಟಕ್ಕೆ ಹೋದ ಹಾಲು ಎಷ್ಟು, ಅದರ ದುಡ್ಡು ಯಾವ ದಿನ ಬ್ಯಾಂಕಿಗೆ ಕಟ್ಟಿದೆ, ಸ್ಯಾಂಪಲ್ ಹಾಲಿನ ಲೆಕ್ಕ ಎಲ್ಲಿದೆ, ಪಶು ಆಹಾರದ ಬಾಕಿ ಯಾರ ಮೇಲೆ ನಿಂತಿದೆ, ಹೋದ ವರ್ಷ ಆಡಿಟರ್ ಬರೆದ ನ್ಯೂನತೆಗಳಲ್ಲಿ ಯಾವುದನ್ನು ಸರಿಪಡಿಸಿದ್ದಾರೆ ಎಂದು ನೋಡಿ. ಓದಲು ಕಷ್ಟವಾದರೆ ಕಾಲೇಜಿಗೆ ಹೋಗುವ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಉತ್ತರ ಸಭೆಯ ನಡಾವಳಿ ಪುಸ್ತಕದಲ್ಲಿ ಬರೆದಾದ ಮೇಲೆ ಕೈ ಎತ್ತಿ.